ಸಮಾಧಾನದ ಕಾಲ್ಮರಿ

ನಾವಿದ್ದ ಮನೆಯ ಪಡುವಣ ಗೋಡೆಯಲ್ಲಿ ಆರು ಗೂಟಗಳಿದ್ದವು. ಜಾಲಿ ಕಟ್ಟಿಗೆ ಕೆತ್ತಿ, ಎಣ್ಣೆ ಹಚ್ಚಿ, ಅಪ್ಪ ತಾನೇ ಬಡಿದ ಗೂಟಗಳು. ಅವಕ್ಕೆ ಏನನ್ನೂ ತಗುಲಿಹಾಕುವಂತಿರಲಿಲ್ಲ. ಒಂದೇ ಕೋಣೆಯ ಮನೆ. ಬಟ್ಟೆ, ಹಗ್ಗ, ರೊಟ್ಟಿಬುಟ್ಟಿ, ಅರ್ಧ ಹೊಲಿದ ಚಪ್ಪಲಿ ಎಲ್ಲವೂ ಒಂದರ ಮೇಲೊಂದು ಬಿದ್ದಿರುತ್ತಿದ್ದವು. ಅವ್ವ ಒದ್ದೆ ಸೀರೆ ಹಿಡಿದುಕೊಂಡು ಜಾಗ ಹುಡುಕುತ್ತ ತಿರುಗುವಾಗಲೂ ಆ ಆರು ಗೂಟ ಮಾತ್ರ ಬರಿದಾಗಿಯೇ ಇರಬೇಕು. ಬಂದ ನೆಂಟರು ಗೊತ್ತಿಲ್ಲದೆ ರುಮಾಲು ತೂಗುಹಾಕಿದರೆ ಅಪ್ಪ ಎದ್ದು ಹೋಗಿ ಅದನ್ನು ತೆಗೆದು, ಮಡಿಚಿ, ಅವರ ತೊಡೆಯ ಮೇಲಿಟ್ಟು ಅಲ್ಲಿ ಜಾಗ ಇಲ್ಲವೆಂದು ಮರ್ಯಾದೆಯಿಂದಲೇ ಹೇಳುತ್ತಿದ್ದ. ನೆಂಟರು ಬರಿಗೂಟಗಳನ್ನು ನೋಡುತ್ತಿದ್ದರು, ಅಪ್ಪನ ಮುಖ ನೋಡುತ್ತಿದ್ದರು, ಆಮೇಲೆ ಅವ್ವನ ಮುಖ. ನಾನು ನಾಚಿಕೆಯಾಗಿ ಒಲೆಯ ಕಡೆ ತಿರುಗಿ ಕೂರುತ್ತಿದ್ದೆ. ನನ್ನ ಬಾಲ್ಯವನ್ನು ನೆನೆದರೆ ಮೊದಲು ನೆನಪಾಗುವುದು ಹೀಗೆ ಒಲೆಗೆ ಮುಖ ಮಾಡಿ ಕೂತದ್ದೇ.

ಊರು ಮೂಡಲಗಿಯಿಂದ ಕೌಜಲಗಿಯ ಕಡೆಗೆ ಹೋಗುವ ದಾರಿಯಲ್ಲಿತ್ತು. ಹೆಸರು ಬರೆಯುವುದಿಲ್ಲ. ಅಲ್ಲಿಯ ಗೌಡರ ಮೊಮ್ಮಕ್ಕಳು ಮುಂದೆ ನನ್ನ ಕೈಯಲ್ಲೇ ಅಕ್ಷರ ಕಲಿತರು, ಎದುರು ಸಿಕ್ಕರೆ ಇಂದಿಗೂ ಅಕ್ಕೋರೇ ಎಂದು ನಿಂತು ಮಾತಾಡಿಸುತ್ತಾರೆ. ಅವರ ಮನಸ್ಸು ನೋಯಿಸುವ ಇರಾದೆ ನನಗಿಲ್ಲ. ನಮ್ಮದು ತೊಗಲಿನ ಕೆಲಸದವರ ಕೇರಿ. ಅಗಸಿ ಎಂದರೆ ಊರ ಹೆಬ್ಬಾಗಿಲು, ಅದರ ಹೊರಗೆ ಹಳ್ಳದ ದಂಡೆಯಲ್ಲಿ ನಮ್ಮ ಮನೆಗಳಿದ್ದವು. ಅಪ್ಪ ರೈತರಿಗೆ ಕಾಲ್ಮರಿ ಹೊಲಿದುಕೊಡುತ್ತಿದ್ದ. ಚಪ್ಪಲಿಗೆ ನಮ್ಮ ಕಡೆಯ ಮಾತು ಅದು. ಬಾವಿಯಿಂದ ಎತ್ತುಗಳು ನೀರೆಳೆಯುವ ಕಪಲಿಗೆ ತೊಗಲಿನ ಬಾನಿ ಮಾಡುತ್ತಿದ್ದ, ಬಾರಕೋಲು ಹೆಣೆಯುತ್ತಿದ್ದ. ಹಿತ್ತಲಲ್ಲಿ ತಂಗಡಿ ತೊಗಟೆಯ ನೀರು ತುಂಬಿದ ಹರವಿಗಳು, ಅವುಗಳೊಳಗೆ ಹದಕ್ಕೆ ಬರುತ್ತಿರುವ ತೊಗಲು. ಆ ವಾಸನೆ ನಮ್ಮ ಗೋಡೆಯಲ್ಲಿತ್ತು, ಕೌದಿಯಲ್ಲಿತ್ತು, ನನ್ನ ಜಡೆಯಲ್ಲಿತ್ತು. ಅದೊಂದು ವಾಸನೆ ಎಂದು ನನಗೆ ಬಹಳ ದಿನ ಗೊತ್ತೇ ಇರಲಿಲ್ಲ.

ಗೊತ್ತಾದದ್ದು ಅವ್ವನಿಂದ. ನಾನು ಹುಟ್ಟುವ ಮೊದಲೇ ಕೇರಿಯ ಕೆಲವು ಮನೆಗಳು ಕ್ರಿಸ್ತನ ಮಾರ್ಗಕ್ಕೆ ಬಂದಿದ್ದವು. ಲಗಮ ಎಂಬ ಅಪ್ಪ ಯಾಕೋಬನಾದ, ಅವ್ವ ಸಾರವ್ವಳಾದಳು, ಅಣ್ಣನಿಗೆ ದಾನೇಲ ಎಂದು, ನನಗೆ ರೂತ ಎಂದು ಹೆಸರಿಟ್ಟರು. ಊರವರು ಮಾತ್ರ ಅಪ್ಪನನ್ನು ಲಗಮ್ಯಾ ಎನ್ನುವುದನ್ನು ಬಿಡಲಿಲ್ಲ. ಗೋಕಾಕದಿಂದ ಬರುತ್ತಿದ್ದ ಪಾದ್ರಿಯವರು ಸತ್ತ ದನದ ಮಾಂಸ ಬಿಡಿರಿ ಅಂದರು, ಬಿಟ್ಟರು. ಸೆರೆ ಕುಡಿಯುವುದು ಬಿಡಿರಿ ಅಂದರು, ಅದನ್ನೂ ಹಲ್ಲುಕಚ್ಚಿ ಬಿಟ್ಟರು. ತೊಗಲು ಬಿಡಿರಿ ಎಂದು ಅವರೂ ಹೇಳಲಿಲ್ಲ, ಬಿಟ್ಟರೆ ಹೊಟ್ಟೆಗೇನು ಎಂದು ಅವರಿಗೂ ಗೊತ್ತಿತ್ತು. ಭಾನುವಾರ ಬಂತೆಂದರೆ ಅವ್ವ ನನ್ನನ್ನು ಹಳ್ಳದ ಕಲ್ಲಿನ ಮೇಲೆ ಕೂರಿಸಿ ಸೀಗೆಕಾಯಿ ಹಾಕಿ, ಚರ್ಮ ಕೆಂಪಾಗುವ ತನಕ ತಿಕ್ಕುತ್ತಿದ್ದಳು. ಆಮೇಲೆ ನನ್ನ ನೆತ್ತಿಗೆ ಮೂಗು ತಾಗಿಸಿ ಮೂಸಿ ನೋಡಿ, ಇನ್ನೂ ಐತಿ ಎಂದು ಮತ್ತೆ ತಿಕ್ಕುತ್ತಿದ್ದಳು. ನಮ್ಮ ಮೈಯಲ್ಲಿ ತೊಳೆದರೆ ಹೋಗದ್ದು ಏನೋ ಇದೆ ಎಂಬುದು ನನ್ನ ತಲೆಯೊಳಗೆ ಕೂತದ್ದು ಆ ಕಲ್ಲಿನ ಮೇಲೆ.

ಇನ್ನು ಆ ಗೂಟಗಳ ವಿಷಯ. ಅಪ್ಪ ಓದಲು ಕಲಿತದ್ದು ಮದುವೆಯಾಗಿ ಮಗ ಹುಟ್ಟಿದ ಮೇಲೆ. ಅಕ್ಷರದ ಕೆಳಗೆ ಬೆರಳಿಟ್ಟು, ಉಳಿಯಿಂದ ತೊಗಲು ಕೊರೆದಷ್ಟೇ ನಿಧಾನವಾಗಿ ಓದುತ್ತಿದ್ದ. ಸತ್ಯವೇದದಲ್ಲಿ ಅವನಿಗೆ ಎಲ್ಲಕ್ಕಿಂತ ಹಿಡಿಸಿದ್ದು, ವಿಶ್ವಾಸಿಯಾದವನು ದೇವರ ಸರ್ವಾಯುಧಗಳನ್ನು ತೊಟ್ಟು ಕೇಡಿನ ಎದುರು ನಿಲ್ಲಬೇಕೆಂದು ಹೇಳುವ ಭಾಗ. ಸತ್ಯದ ನಡುಪಟ್ಟಿ, ನೀತಿಯ ಎದೆಗವಚ, ಸಮಾಧಾನದ ಸುವಾರ್ತೆಯ ಕೆರ, ನಂಬಿಕೆಯ ಗುರಾಣಿ, ರಕ್ಷಣೆಯ ಶಿರಸ್ತ್ರಾಣ, ದೇವರ ವಾಕ್ಯದ ಕತ್ತಿ. ಉಳಿದವರು ಇದನ್ನು ಉಪಮೆ ಎಂದು ಕೇಳಿ ಮುಂದಕ್ಕೆ ಹೋಗುತ್ತಾರೆ. ಅಪ್ಪ ತೊಗಲಿನವನು, ಅವನಿಗೆ ಇದು ಕಸುಬಿನ ಮಾತು. ಎದೆಗವಚ ಎಮ್ಮೆ ತೊಗಲಿನದೇ ಆಗಬೇಕು, ನಡುಪಟ್ಟಿಗೆ ಬೆನ್ನಿನ ತೊಗಲು ಬೇಕು, ಹೊಟ್ಟೆಯದಾದರೆ ನಾಲ್ಕು ದಿನಕ್ಕೆ ಹಿಗ್ಗಿ ಜಾರುತ್ತದೆ ಎಂದು ಅವ್ವನಿಗೆ ಬಿಡಿಸಿ ಹೇಳುತ್ತಿದ್ದ. ದೇವರ ಆಯುಧಗಳಲ್ಲಿ ಅರ್ಧ ನಮ್ಮ ಕೈಯ ಕೆಲಸದವೇ ಎಂದು ಅವನಿಗೆ ಒಳಗೊಳಗೇ ದೊಡ್ಡ ಹೆಮ್ಮೆ. ಜಗತ್ತಿನಲ್ಲಿ ನಮ್ಮ ಕಸುಬನ್ನು ಹೀಗೆ ಮೇಲೆತ್ತಿ ಹೇಳಿದ ಇನ್ನೊಂದು ಮಾತು ಅವನು ಕೇಳಿರಲಿಲ್ಲ.

ಬೆಳಗಾಗುತ್ತಲೇ ನಾವೆಲ್ಲ ಆ ಗೋಡೆಯ ಮುಂದೆ ನಿಲ್ಲಬೇಕು. ಅಪ್ಪ ಒಂದೊಂದೇ ಗೂಟದಿಂದ ಒಂದೊಂದು ಆಯುಧವನ್ನು ಇಳಿಸಿಕೊಳ್ಳುತ್ತಿದ್ದ. ಕೈಯಲ್ಲಿ ಏನೂ ಇರುತ್ತಿರಲಿಲ್ಲ, ಆದರೆ ಭಾರದ್ದನ್ನು ಎರಡೂ ಕೈಯಿಂದ, ಹಗುರಾದದ್ದನ್ನು ಎರಡು ಬೆರಳಿಂದ ಇಳಿಸುತ್ತಿದ್ದ. ನಡುಪಟ್ಟಿ ಮತ್ತು ಕತ್ತಿ ಅಪ್ಪನ ಪಾಲು, ಎದೆಗವಚ, ಶಿರಸ್ತ್ರಾಣ ಅವ್ವನ ಪಾಲು, ಗುರಾಣಿ ಅಣ್ಣನದು. ಪಾಲು ಎಂದರೆ ಅದನ್ನು ಎಲ್ಲರಿಗೂ ತೊಡಿಸುವ ಕೆಲಸ. ನನ್ನ ಪಾಲಿಗೆ ಬಂದದ್ದು ಕೆರ, ಅಂದರೆ ಕಾಲ್ಮರಿ. ಸಣ್ಣವಳು, ನೆಲಕ್ಕೆ ಹತ್ತಿರದವಳು ಎಂದು ಕೊಟ್ಟಿರಬೇಕು. ನಾನು ಬಗ್ಗಿ ಒಬ್ಬೊಬ್ಬರ ಪಾದದ ಮೇಲೂ ಕೈಯಾಡಿಸಿ, ಸಮಾಧಾನದ ಕಾಲ್ಮರಿ ಮೆಟ್ಟಿದೆವು ಎನ್ನಬೇಕು. ಅಪ್ಪನ ಒಡೆದ ಹಿಮ್ಮಡಿ, ಅವ್ವನ ಕಾಲುಂಗುರ ತೆಗೆದಿಟ್ಟ ಬೆರಳಿನ ಬಿಳಿ ಗುರುತು, ಅಣ್ಣನ ಉದ್ದನೆಯ ಎಲುಬಿನ ಪಾದ, ಎಲ್ಲವೂ ಕಣ್ಣುಮುಚ್ಚಿದರೂ ನನ್ನ ಬೆರಳಿಗೆ ಗೊತ್ತಿದ್ದವು. ಮಲಗುವ ಮುಂಚೆ ಎಲ್ಲವನ್ನೂ ಕೆಳಗಿನಿಂದ ಮೇಲಕ್ಕೆ ಬಿಚ್ಚಿ ಮತ್ತೆ ಗೂಟಗಳಿಗೆ ತೂಗುಹಾಕುತ್ತಿದ್ದೆವು. ನೆಲದ ಮೇಲಿಟ್ಟರೆ ಇಲಿ ಕಡಿಯುತ್ತದೆ ಎಂದು ಅಪ್ಪ ಹೇಳುತ್ತಿದ್ದ, ಅವನ ಮುಖದಲ್ಲಿ ನಗು ಇರುತ್ತಿರಲಿಲ್ಲ.

ಒಮ್ಮೆ ಪಾದ್ರಿಯವರು ನಮ್ಮ ಮನೆಯಲ್ಲಿ ತಂಗಿದರು. ಪುಂಡಿಪಲ್ಯ, ಜೋಳದ ರೊಟ್ಟಿ ಉಂಡು ಬಾಯಿ ತುಂಬ ಹೊಗಳಿದರು. ಊಟವಾದ ಮೇಲೆ ಅಪ್ಪ ಉಬ್ಬಿದ ಎದೆಯಿಂದ ನಮ್ಮನ್ನು ನಿಲ್ಲಿಸಿ, ಆಯುಧಗಳನ್ನೆಲ್ಲ ಒಂದೊಂದಾಗಿ ಬಿಚ್ಚಿಸಿ ಗೂಟಕ್ಕೆ ಹಾಕಿಸಿದ. ಪಾದ್ರಿಯವರು ಮೊದಲು ಬಾಯಿಗೆ ಕೈ ಅಡ್ಡ ಹಿಡಿದರು, ಆಮೇಲೆ ತಡೆಯಲಾರದೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕೆಟ್ಟ ಮನುಷ್ಯರಲ್ಲ. ಯಾಕೋಬಾ, ಈ ಆಯುಧ ತೊಟ್ಟ ಮೇಲೆ ಬಿಚ್ಚುವುದಿಲ್ಲ, ವೈರಿ ಬರುವುದೇ ನಾವು ಮೈಮರೆತಾಗ ಎಂದು ಪ್ರೀತಿಯಿಂದಲೇ ತಿಳಿಸಿ ಹೇಳಿದರು. ಆದರೆ ಆ ವರ್ಷ ಗೋಕಾಕದಲ್ಲಿ ಅಂಕಲಗಿ, ಕೊಣ್ಣೂರ, ಹುಕ್ಕೇರಿಯ ಸಭೆಗಳವರೆಲ್ಲ ಸೇರಿದ್ದ ಕೂಟದಲ್ಲಿ ಅದನ್ನೇ ದೃಷ್ಟಾಂತವಾಗಿ ಎತ್ತಿಕೊಂಡರು. ಹೆಸರು ಹೇಳಲಿಲ್ಲ. ನಮ್ಮ ಸಹೋದರನೊಬ್ಬ ಸರ್ವಾಯುಧಗಳನ್ನು ಇಲಿ ಕಡಿಯದಂತೆ ಗೂಟಕ್ಕೆ ಹಾಕಿ ಮಲಗುತ್ತಾನೆ ಎಂದಾಗ ಚಪ್ಪರವೆಲ್ಲ ನಕ್ಕಿತು. ಇಸ್ತ್ರಿ ಮಾಡಿದ ಅಂಗಿ ತೊಟ್ಟ ಸಾಲೆ ಮಾಸ್ತರರು, ಕಚೇರಿಯ ಕೆಲಸದವರು, ಅವರ ಹೆಂಡತಿಯರು ಎಲ್ಲ ನಕ್ಕರು. ನಾವು ಹಿಂದೆ, ಯಾರಿಗೂ ವಾಸನೆ ತಾಗದಷ್ಟು ದೂರದಲ್ಲಿ ಕೂತಿದ್ದೆವು. ಅಪ್ಪನೂ ಎಲ್ಲರ ಜೊತೆ ನಕ್ಕ. ಅವನು ನಗದೆ ಇದ್ದಿದ್ದರೆ ನನಗೆ ಅಷ್ಟು ಅವಮಾನ ಆಗುತ್ತಿರಲಿಲ್ಲ.

ಅಂದಿನಿಂದ ಅಪ್ಪ ಬಿಚ್ಚುವುದನ್ನು ನಿಲ್ಲಿಸಿದ. ಆಯುಧ ತೊಟ್ಟೇ ಮಲಗಬೇಕೆಂದು ತಿಳಿದು ಅಂಗಾತ ಮಲಗಿ, ಹೊರಳಲು ಹಿಂಜರಿಯುತ್ತಿದ್ದ. ಎದೆಗವಚ ಚುಚ್ಚುತ್ತದೇನು ಎಂದು ಅವ್ವ ಕಾಡುತ್ತಿದ್ದಳು. ಗೂಟಗಳನ್ನು ಇನ್ನಾದರೂ ಬಟ್ಟೆಗೆ ಬಿಡು ಎಂದು ಕೇಳಿದಳು, ಅದಕ್ಕೆ ಮಾತ್ರ ಒಪ್ಪಲಿಲ್ಲ. ರಾತ್ರಿ ಬಿಚ್ಚದಿದ್ದರೂ ಬೆಳಿಗ್ಗೆ ಗೂಟದಿಂದ ಇಳಿಸಿ ತೊಡುವ ಪ್ರಾರ್ಥನೆ ಮೊದಲಿನಂತೆಯೇ ನಡೆಯುತ್ತಿತ್ತು.

ಆ ದಿನಗಳಲ್ಲೇ ಅಪ್ಪ ನನ್ನನ್ನು ಮೊದಲ ಸಲ ಗೌಡರ ವಾಡೆಗೆ ಕರೆದುಕೊಂಡು ಹೋದ. ಗೌಡರಿಗೆ ಹೊಸ ಕಾಲ್ಮರಿ ಮುಟ್ಟಿಸಬೇಕಿತ್ತು. ಜರಿಯ ಗೊಂಡೆಯಿದ್ದ, ಎಣ್ಣೆ ಕುಡಿದು ಮಿನುಗುತ್ತಿದ್ದ ಜೋಡು. ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಅಪ್ಪ ತಲೆಯ ಮೇಲಿಟ್ಟುಕೊಂಡಿದ್ದ. ಅಗಸಿ ಬರುತ್ತಲೇ ನಿಂತು, ತನ್ನ ಕಾಲಿನ ಹಳೆಯ ಜೋಡನ್ನು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡ. ನನಗೂ ಬಿಚ್ಚು ಎಂದು ಕಣ್ಸನ್ನೆ ಮಾಡಿದ. ಅಗಸಿಯ ಒಳಗೆ ನಮ್ಮ ಕೇರಿಯವರು ಯಾರೂ ಮೆಟ್ಟಿಕೊಂಡು ನಡೆಯುವಂತಿರಲಿಲ್ಲ. ಅದು ಕಾನೂನಲ್ಲ, ಯಾರೂ ಬರೆದಿಟ್ಟದ್ದಲ್ಲ. ಊರು ಹುಟ್ಟಿದಾಗಿನಿಂದ ಹಾಗೆ. ಇಡೀ ಊರಿಗೆ ಕಾಲ್ಮರಿ ಹೊಲಿದುಕೊಟ್ಟವರು ಬರಿಗಾಲಲ್ಲಿ ನಡೆಯುತ್ತಿದ್ದೆವು. ಬೆಳಿಗ್ಗೆಯಷ್ಟೇ ನಾನು ಅಪ್ಪನ ಪಾದದ ಮೇಲೆ ಕೈಯಾಡಿಸಿ ಮೆಟ್ಟಿದೆವು ಎಂದಿದ್ದೆ. ಈಗ ಅದೇ ಪಾದ ಕಾದ ಹಾಸುಗಲ್ಲಿನ ಮೇಲೆ ತುದಿಗಾಲಲ್ಲಿ ಹೋಗುತ್ತಿತ್ತು. ಗೌಡರು ಹೊಸ ಜೋಡು ಮೆಟ್ಟಿ ನಾಲ್ಕು ಹೆಜ್ಜೆ ಹಾಕಿ ನೋಡುವ ತನಕ ಅಪ್ಪ ಅಂಗಳದ ಬಿಸಿಲಲ್ಲೇ ನಿಂತಿದ್ದ. ಮನೆಗೆ ಬರುವಾಗ, ಬೆಳಿಗ್ಗೆ ತೊಟ್ಟ ಕಾಲ್ಮರಿ ಎಲ್ಲಿ ಹೋಯಿತು ಎಂದು ಕೇಳಿದೆ. ಅವನಿಗೆ ಸಿಟ್ಟು ಬರಲಿಲ್ಲ.

"ಅದು ಕಾಣಂಗಿಲ್ಲವ್ವಾ. ಕಾಣಲಾರದ್ದನ್ನ ಬಿಚ್ಚು ಅನ್ನಾಕ ಯಾರಿಗೂ ಆಗೂದಿಲ್ಲ."

ಈ ಉತ್ತರ ನನ್ನನ್ನು ಬಹಳ ದಿನ ಸಂತೈಸಿತು. ಅಗಸಿ ಬಂದಾಗಲೆಲ್ಲ ಬರಿಗಾಲಿನ ಮೇಲೆ ಕಾಣದ ಕಾಲ್ಮರಿ ಇದೆ ಎಂದುಕೊಂಡು ಸೆಟೆದು ನಡೆಯುತ್ತಿದ್ದೆ. ಒಳಗೊಳಗೆ ಗೌಡರ ಮನೆಯವರಿಗಿಂತ ನಾವೇ ಒಂದು ಕೈ ಮೇಲು ಎಂಬ ಜಂಬವೂ ಬಂದಿತ್ತು. ಅದನ್ನು ಕೆಡಿಸಿದವನು ಅಣ್ಣ.

ದಾನೇಲ ನನಗಿಂತ ಬಹಳ ದೊಡ್ಡವನು. ಹದಿನೆಂಟು ತುಂಬುವ ಮೊದಲೇ ನೂಲಿನ ಗಿರಣಿಯಲ್ಲಿ ಕೆಲಸ ಸಿಕ್ಕು ಕೊಣ್ಣೂರಿನಲ್ಲಿ ಉಳಿದುಕೊಂಡಿದ್ದ. ಅವನು ಹೋದ ಮೇಲೆ ಗುರಾಣಿಯ ಪಾಲು ಅವ್ವನಿಗೆ ಬಂತು. ಒಂದು ಕೈಯಲ್ಲಿ ರೊಟ್ಟಿ, ಒಂದು ಕೈಯಲ್ಲಿ ಢಾಲು ಎಂದು ಗೊಣಗುತ್ತಲೇ ಹೊತ್ತಳು. ಆ ವರ್ಷ ಕ್ರಿಸ್ತಜಯಂತಿಗೆ ಅಣ್ಣ ಬಂದಾಗ ಕಾಲಲ್ಲಿ ಬೂಟು ಇತ್ತು. ಕೊಣ್ಣೂರ ಸಂತೆಯಲ್ಲಿ ಕೊಂಡ ಹಳೆಯ ಬೂಟು, ಆದರೆ ದಪ್ಪ ತೊಗಲಿನದು, ಕಣಕಾಲು ಮುಚ್ಚುವಂಥದು, ಉದ್ದನೆಯ ಲಾಡಿಯದು. ಅಪ್ಪ ಅದನ್ನು ಕೈಗೆತ್ತಿಕೊಂಡು ತಿರುಗಿಸಿ ಮುರುಗಿಸಿ ನೋಡಿದ, ಹೊಲಿಗೆಯ ಮೇಲೆ ಉಗುರು ಎಳೆದ, ಮಷೀನಿನ ಹೊಲಿಗೆ ಎಂದು ಮೆಚ್ಚಿಕೊಂಡ. ಆಗ ಅಣ್ಣ ಬೂಟನ್ನು ಅವನ ಕೈಯಿಂದ ತೆಗೆದುಕೊಂಡು, ಎರಡರ ಲಾಡಿಯನ್ನೂ ಗಂಟುಹಾಕಿ, ಪಡುವಣ ಗೋಡೆಯ ಮೂರನೆಯ ಗೂಟಕ್ಕೆ ತೂಗುಹಾಕಿದ. ಕಾಲ್ಮರಿಯ ಗೂಟ ಅದು. ಅವ್ವ ಹಿಟ್ಟಿನ ಕೈ ಬಾಯಿಗೆ ಹಿಡಿದುಕೊಂಡಳು. ಅಪ್ಪ ಎದ್ದು ಹಿತ್ತಲಿಗೆ ಹೋದ.

ಜಗಳ ಆದದ್ದು ಮರುದಿನ ಊಟಕ್ಕೆ ಕೂತಾಗ. ಆ ಸಲ ಗೌಡರು ಒಂದು ದೊಡ್ಡ ಉಪಕಾರ ಮಾಡಿದ್ದರು. ಹಬ್ಬದ ಬೆಳಿಗ್ಗೆ ನಾವು ಹಾಡಿಕೊಂಡು ಅಗಸಿಯ ಒಳಗೆ, ವಾಡೆಯ ಮುಂದಿನ ಬೀದಿಯಲ್ಲೇ ಹಾದುಹೋಗಬಹುದು ಎಂದು ಅಪ್ಪಣೆ ಕೊಟ್ಟಿದ್ದರು. ವರ್ಷಗಟ್ಟಲೆ ಅಂಗಲಾಚಿ ಅಪ್ಪ ಪಡೆದದ್ದು ಅದು. ನಮ್ಮ ಪ್ರಾರ್ಥನೆಯ ಗುಡಿಸಲೂ ಅವರ ಜಾಗದಲ್ಲೇ ಇತ್ತು, ಬೇಡ ಎಂದರೆ ಮರುದಿನವೇ ಕೀಳಬೇಕಿತ್ತು. ಬರಿಗಾಲಲ್ಲಿ ಹೋಗಬೇಕು ಎಂದು ಅವರು ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಅಗತ್ಯವೇನಿತ್ತು? ಅಣ್ಣ ಮಾತ್ರ ತಾನು ಬೂಟು ಹಾಕಿಕೊಂಡೇ ಬರುವೆನೆಂದ. ಗಿರಣಿಯಲ್ಲಿ ಯಾರ ಮುಂದೆಯೂ ಬಿಚ್ಚಿಲ್ಲ, ಹುಟ್ಟಿದ ಊರಲ್ಲಿ ಯಾಕೆ ಬಿಚ್ಚಲಿ ಎಂದ. ಅಪ್ಪ ರೊಟ್ಟಿ ಮುರಿಯುತ್ತ, ತಗ್ಗಿದ ದನಿಯಲ್ಲೇ ಅವನಿಗೆ ಆಯುಧಗಳ ಅರ್ಥ ಹೇಳಿದ. ಎಲ್ಲ ಆಯುಧಗಳ ನಡುವೆ ಕಾಲಿಗೆ ಮಾತ್ರ ಯಾಕೆ ಸಮಾಧಾನ ಅಂದಿದ್ದಾರೆ ನೋಡು, ಎದೆ ಗಟ್ಟಿ ಇರಲಿ, ಕೈಯಲ್ಲಿ ಕತ್ತಿ ಇರಲಿ, ಆದರೆ ಇನ್ನೊಬ್ಬರ ಬಾಗಿಲಿಗೆ ಹೋಗುವ ಕಾಲು ಜಗಳ ಒಯ್ಯಬಾರದು ಎಂದ. ಈಗಲೂ ಆ ಅರ್ಥಕ್ಕಿಂತ ಚೆಂದದ್ದನ್ನು ನಾನು ಯಾವ ಪಾದ್ರಿಯ ಪ್ರಸಂಗದಲ್ಲೂ ಕೇಳಿಲ್ಲ. ಅಣ್ಣ ಉಣ್ಣುವುದನ್ನು ನಿಲ್ಲಿಸಿದ.

"ಸಮಾಧಾನ ಮೆಟ್ಟಿಕೊಂಡಾಂವಂದು, ಅಪ್ಪಾ. ಬರಿಗಾಲಾಂವಂದು ಅಂಜಿಕಿ."

ಅಪ್ಪ ಇನ್ನೊಂದು ರೊಟ್ಟಿ ಮುರಿದ. ನಾನು ಅಣ್ಣನ ಕಡೆಗಿದ್ದೆ. ಅವನು ಬೂಟು ಹಾಕಿಕೊಂಡು ವಾಡೆಯ ಮುಂದೆ ನಡೆದರೆ ನನ್ನ ಮೈಗೆ ಅಂಟಿದ್ದೆಲ್ಲ ಒಮ್ಮೆಲೇ ತೊಳೆದುಹೋಗುತ್ತದೆ ಎನ್ನಿಸಿತ್ತು. ನಡೆಯಲಿ, ಅವನು ನಡೆಯಲಿ ಎಂದು ಅವತ್ತು ನಾನು ದೇವರಲ್ಲಿ ಬೇಡಿಕೊಂಡೆ.

ಹಬ್ಬದ ಬೆಳಿಗ್ಗೆ ಕೇರಿಯವರೆಲ್ಲ ಮಡಿ ಬಟ್ಟೆ ಉಟ್ಟು ಹೊರಟೆವು. ಮುಂದೆ ಅಪ್ಪ, ಕೈಯಲ್ಲಿ ತಾಳ. ಅವನ ಹಿಂದೆ ಗಂಡಸರು, ಆಮೇಲೆ ನಾವು. ಅಗಸಿಯ ಹೊರಗೆ ಎಲ್ಲರೂ ಮೆಟ್ಟಿದ್ದನ್ನು ಬಿಚ್ಚಿಟ್ಟರು. ಅಣ್ಣ ನಿಲ್ಲಲೇ ಇಲ್ಲ, ಹಾಡುತ್ತ ಒಳಗೆ ಕಾಲಿಟ್ಟ. ಹಾಡಿನ ನಡುವೆ ಅವನ ಬೂಟಿನ ಸಪ್ಪಳ ಎಲ್ಲರಿಗೂ ಕೇಳುತ್ತಿತ್ತು. ಯಾರೂ ತಿರುಗಿ ನೋಡಲಿಲ್ಲ, ಆದರೆ ಒಬ್ಬೊಬ್ಬರೇ ದನಿ ತಗ್ಗಿಸುತ್ತ ಬಂದರು. ವಾಡೆಯ ಮುಂದೆ ಬರುವಷ್ಟರಲ್ಲಿ ಹಾಡುತ್ತಿದ್ದವರು ಅಪ್ಪ, ಅಣ್ಣ ಇಬ್ಬರೇ. ಗೌಡರು ಕಟ್ಟೆಯ ಮೇಲೆ ಕೂತಿದ್ದರು. ಅವರ ಆಳುಗಳು ಕೋಲು ಹಿಡಿದು ಕೆಳಗಿಳಿದದ್ದನ್ನು ಕೈ ಎತ್ತಿ ತಡೆದರು. ದನಿ ಏರಿಸುವವರಲ್ಲ ಅವರು.

"ಲಗಮಾ, ನಿನ್ನ ಮಗಗ ನಾ ಹೇಳಲೋ, ನೀ ಹೇಳತಿಯೋ?"

ಅಪ್ಪ ತಾಳವನ್ನು ಪಕ್ಕದವನ ಕೈಗೆ ಕೊಟ್ಟ. ಹಿಂದಕ್ಕೆ ಬಂದು ಅಣ್ಣನ ಮುಂದೆ ನಿಂತ. ಏನಾದರೂ ಹೇಳುತ್ತಾನೆ ಎಂದು ನಾವೆಲ್ಲ ಕಾದೆವು. ಅವನು ಬೀದಿಯ ಧೂಳಿನಲ್ಲಿ ಮಂಡಿಯೂರಿ ಕೂತು ಮಗನ ಬೂಟಿನ ಲಾಡಿಗೆ ಕೈಹಾಕಿದ. ಅಪ್ಪಾ ಏಳು ಎಂದು ಅಣ್ಣ ಹಲ್ಲಿನ ನಡುವೆಯೇ ಎರಡು ಸಲ ಅಂದ. ಅಪ್ಪ ಏಳಲಿಲ್ಲ. ಗಂಟು ಬಿಗಿದುಹೋಗಿತ್ತು, ಎಂಥ ಗಂಟನ್ನೂ ಬಿಡಿಸುವ ಅವನೂ ಅವತ್ತು ಉಗುರು ಹಾಕಿ ಮೀಟಬೇಕಾಯಿತು. ಕೊನೆಗೆ ಬಿಡಿಸಿ, ಕಾಲಿನ ಅಳತೆ ಕೊಡಲು ಬಂದ ಗಿರಾಕಿಗೆ ಹೇಳುವ ದನಿಯಲ್ಲೇ ಹೇಳಿದ.

"ಕಾಲ ಎತ್ತಪಾ."

ಅಣ್ಣ ಎತ್ತಿದ. ಗೌಡರಿಗಾಗಿ ಎತ್ತಲಿಲ್ಲ, ಕೋಲಿಗೆ ಹೆದರಿ ಎತ್ತಲಿಲ್ಲ. ಹುಟ್ಟಿದಂದಿನಿಂದ ಆ ದನಿಗೆ ಎತ್ತಿ ರೂಢಿಯಾಗಿತ್ತು, ಕಾಲು ತಾನಾಗಿ ಎದ್ದಿತು. ಒಂದು ಕಾಲು, ಆಮೇಲೆ ಇನ್ನೊಂದು. ಅಪ್ಪ ಎರಡೂ ಬೂಟಿನ ಲಾಡಿ ಕಟ್ಟಿ ಕೊರಳಿಗೆ ಹಾಕಿಕೊಂಡು ಎದ್ದು, ಬಿಟ್ಟಲ್ಲಿಂದಲೇ ಹಾಡು ಎತ್ತಿದ. ನಡುವೆ ಕೆಮ್ಮಿ ಮತ್ತೆ ಎತ್ತಿದ. ಅಣ್ಣ ತಿರುಗಿ ಅಗಸಿಯ ಕಡೆ ಹೋದ. ನಾವು ಮುಂದಕ್ಕೆ ಹೋದೆವು. ನಾನೂ ಹಾಡಿದೆ, ಬಾಯಿ ತೆರೆದರೆ ಅಳು ಬರುತ್ತಿತ್ತು, ಹಾಡಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಅಪ್ಪನ ಬೆನ್ನನ್ನು ನೋಡಲು ನನಗೆ ಆಗುತ್ತಿರಲಿಲ್ಲ. ಇಷ್ಟು ನಾಚಿಕೆಗೇಡಿನ ಮನುಷ್ಯನ ಹೊಟ್ಟೆಯಲ್ಲಿ ನಾನು ಯಾಕೆ ಹುಟ್ಟಿದೆ ಎಂದುಕೊಂಡೆ.

ಅಣ್ಣ ಮನೆಗೆ ಬರಲಿಲ್ಲ. ಅವ್ವ ಗೋಧಿ ಹುಗ್ಗಿ ಮಾಡಿ ಕಾದಳು. ಹೊಲದ ದಾರಿಯಲ್ಲಿ ಬರಿಗಾಲಲ್ಲೇ ಕೊಣ್ಣೂರ ಕಡೆ ಹೋದುದನ್ನು ಕುರಿಯವರು ಕಂಡಿದ್ದರು. ಆಮೇಲೆ ಗಿರಣಿಯನ್ನೂ ಬಿಟ್ಟು ಸೊಲ್ಲಾಪುರಕ್ಕೆ ಹೋದ ಎಂದು ಸುದ್ದಿ ಬಂತು, ಆ ಮೇಲೆ ಅದೂ ಬರಲಿಲ್ಲ. ಹಬ್ಬದ ಮರುದಿನ ಬೆಳಿಗ್ಗೆ ಅಪ್ಪ ಎಂದಿನಂತೆ ಗೋಡೆಯ ಮುಂದೆ ನಿಲ್ಲಿಸಿ ನಡುಪಟ್ಟಿ ಇಳಿಸಿದ, ಎದೆಗವಚ ಇಳಿಸಿದ. ನಾನು ಬಗ್ಗಿ ಅವನ ಪಾದದ ಮೇಲೆ ಕೈಯಿಡಲು ಹೋದಾಗ ಅವನು ಕಾಲು ಹಿಂದಕ್ಕೆ ಎಳೆದುಕೊಂಡ. ಅವ್ವ ನನ್ನ ಭುಜ ಹಿಡಿದು ಎಬ್ಬಿಸಿದಳು. ಆ ದಿನದಿಂದ ನಮ್ಮ ಮನೆಯಲ್ಲಿ ಎದೆಗವಚ ಆದ ಮೇಲೆ ನೇರವಾಗಿ ಗುರಾಣಿ.

ಹಬ್ಬ ಕಳೆದ ವಾರವೇ ಗೌಡರು ಅಪ್ಪನನ್ನು ಕರೆಸಿದರು. ಮಗನಿಗಿಂತ ಊರಿನ ಮರ್ಯಾದೆ ದೊಡ್ಡದೆಂದು ತೋರಿಸಿದೆ ಎಂದು ಎಲ್ಲರೆದುರು ಹೊಗಳಿ, ಏನು ಬೇಕು ಕೇಳು ಅಂದರಂತೆ. ಹೊಲ ಕೇಳುತ್ತಾನೆ, ಎಮ್ಮೆ ಕೇಳುತ್ತಾನೆ ಎಂದು ಕೇರಿಯವರು ಆಡಿಕೊಂಡರು. ಅಪ್ಪ ಮನೆಗೆ ಬಂದು ಯಾರಿಗೂ ಏನೂ ಹೇಳಲಿಲ್ಲ. ಹಬ್ಬದ ದಿನ ತಂದು ಮೂರನೆಯ ಗೂಟಕ್ಕೇ ಹಾಕಿದ್ದ ಅಣ್ಣನ ಬೂಟನ್ನು ಇಳಿಸಿಕೊಂಡು ಹಿತ್ತಲಲ್ಲಿ ಕೂತು ಹೊಲಿಗೆ ಬಿಚ್ಚತೊಡಗಿದ. ತೊಗಲನ್ನು ನೆನೆಸಿ, ಕೊರೆದು, ಹೊಸ ಅಟ್ಟೆ ಹಾಕಿ ಸಣ್ಣದೊಂದು ಜೋಡು ಕಟ್ಟಿದ. ಲಾಡಿಯನ್ನೂ ಅರ್ಧಕ್ಕೆ ಕತ್ತರಿಸಿದ. ಅಳತೆಗೆ ಕಾಲು ಕೊಡು ಎಂದು ನನ್ನನ್ನು ಕರೆಯಲಿಲ್ಲ. ಅವನಿಗೂ ನನ್ನ ಪಾದ ಗೊತ್ತಿತ್ತು. ಹುಕ್ಕೇರಿಯಲ್ಲಿ ಹೆಣ್ಣುಮಕ್ಕಳಿಗೆ ಇರಲು ಜಾಗ ಕೊಟ್ಟು ಓದಿಸುವ ಸಾಲೆಗೆ ಪಾದ್ರಿಯವರು ನನ್ನನ್ನು ಸೇರಿಸಲು ಒಪ್ಪಿದ್ದರು. ಈ ಜೋಡು ಅಲ್ಲಿಗೆ ಇರಬೇಕು ಎಂದುಕೊಂಡೆ.

ಹೊರಡುವ ಹಿಂದಿನ ಸಂಜೆ ಅವ್ವ ನನ್ನ ತಲೆ ಬಾಚುತ್ತ ಕೂತಿದ್ದಳು. ಮರುದಿನ ಹೊಲದ ದಾರಿ ಬೇಡ, ಅಗಸಿಯ ಒಳಗಿಂದಲೇ ಹೋಗುವುದು ಎಂದಳು. ಹಾಗಾದರೆ ಜೋಡು ಗಂಟಿನಲ್ಲಿ ಕಟ್ಟಿಕೊಳ್ಳುತ್ತೇನೆ ಎಂದೆ. ಬೇಡ, ಮೆಟ್ಟಿಕೊಂಡೇ ಹೋಗಬೇಕು, ಗೌಡರ ಹತ್ತಿರ ನಿಮ್ಮಪ್ಪ ಕೇಳಿದ್ದು ಅದೊಂದೇ, ನನ್ನ ಮಗಳು ಸಾಲೆಗೆ ಹೋಗುವ ದಿನ ಮೆಟ್ಟಿಕೊಂಡು ನಡೆಯಲಿ ಎಂದು ಕೇಳಿದ, ಗೌಡರು ನಕ್ಕು ಹೂಂ ಅಂದರು ಎಂದಳು. ನನಗೆ ಖುಷಿಯಾಯಿತು. ಬಾಚಣಿಗೆ ನಿಂತಿತು.

"ಹಿಗ್ಗಬ್ಯಾಡ. ಅಣ್ಣನ ಕಾಲಿಂದ ಬಿಚ್ಚಿ ನಿನ್ನ ಕಾಲಿಗಿ ಹಾಕ್ಯಾನ. ನೆನಪಿಟ್ಟು ನಡಿ."

ಅವ್ವನ ದನಿಯಲ್ಲಿ ಸಿಟ್ಟಿತ್ತೋ ದುಃಖವಿತ್ತೋ ನನಗೆ ಇಂದಿಗೂ ಗೊತ್ತಾಗಿಲ್ಲ. ಜಡೆಯನ್ನು ಮಾತ್ರ ನೋವಾಗುವಷ್ಟು ಬಿಗಿಯಾಗಿ ಹೆಣೆದಳು.

ಮುಂದೆ ನಾನೂ ಅಕ್ಕೋರಾಗಿ ಎಷ್ಟೋ ವರ್ಷ ಭಾನುವಾರದ ಸಾಲೆಯಲ್ಲಿ ಮಕ್ಕಳಿಗೆ ಸರ್ವಾಯುಧಗಳ ಪಾಠ ಹೇಳಿದೆ. ರಟ್ಟಿನ ಗುರಾಣಿ, ಬಣ್ಣದ ಕಾಗದದ ಕಿರೀಟದಂಥ ಶಿರಸ್ತ್ರಾಣ ಮಾಡಿಸಿದೆ. ಕೆರದ ವಿಷಯ ಬಂದಾಗ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಿದ್ದೆ. ಅಪ್ಪ ಹೇಳಿದ ಅರ್ಥ ಸರಿಯೋ, ಅಣ್ಣ ಹೇಳಿದ ಅರ್ಥ ಸರಿಯೋ ಎಂದು ಮಗುವೊಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ನನಗೆ ಗೊತ್ತಿರುವುದು ಸಾಲೆಗೆ ಹೊರಟ ಆ ಬೆಳಗು ಮಾತ್ರ.

ಅಪ್ಪ ನನ್ನ ತಗಡಿನ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತಿದ್ದ. ಅಗಸಿಯ ಹತ್ತಿರ ಬಂದಾಗ ಪೆಟ್ಟಿಗೆ ಇಳಿಸಿ, ತನ್ನ ಕಾಲ್ಮರಿ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡ. ಗೌಡರು ಒಪ್ಪಿದ್ದು ನನ್ನ ಕಾಲಿಗೆ, ಅವನ ಕಾಲಿಗಲ್ಲ. ಆಮೇಲೆ ನನ್ನ ಮುಂದೆ ಮಂಡಿಯೂರಿ ಕೂತ. ಬಿಚ್ಚುತ್ತಾನೆ ಎಂದುಕೊಂಡೆ. ಅವನು ಸಡಿಲಾಗಿದ್ದ ಲಾಡಿಯನ್ನು ಎಳೆದು ಬಿಗಿಯಾಗಿ ಕಟ್ಟಿದ, ಗಂಟಿನ ಮೇಲೆ ಹೆಬ್ಬೆರಳು ಒತ್ತಿ ನೋಡಿದ. ಮುಖ ಎತ್ತಲಿಲ್ಲ. ನಡಿ ಎಂದ, ಪೆಟ್ಟಿಗೆ ಹೊತ್ತುಕೊಂಡು ನನ್ನನ್ನು ಮುಂದೆ ಬಿಟ್ಟ.

ಬೀದಿಯಲ್ಲಿ ಹೆಂಗಸರು ಬಾಗಿಲಿಗೆ ಬಂದು ನಿಂತರು. ಗೌಡರು ಕಟ್ಟೆಯ ಮೇಲಿದ್ದರು. ನನ್ನ ಕಾಲನ್ನು ನೋಡಿದರು, ಚಲೋ ಕಲಿಯವ್ವಾ ಎಂದು ಹರಸಿದರು. ನಾನು ಕೈಮುಗಿದೆ. ಅವರಿಗೆ ಕೈಮುಗಿದದ್ದು ನನ್ನ ಕೈಯೇ. ಹಾಸುಗಲ್ಲಿನ ಮೇಲೆ ಹೊಸ ಅಟ್ಟೆ ಟಕಟಕ ಸಪ್ಪಳ ಮಾಡುತ್ತಿತ್ತು, ಮೆಲ್ಲಗೆ ಕಾಲಿಟ್ಟರೂ ಮಾಡುತ್ತಿತ್ತು. ನಾನು ಎಷ್ಟು ದಿನದಿಂದ ಬೇಡಿಕೊಂಡಿದ್ದೆನೋ ಅದೇ ನಡೆಯುತ್ತಿತ್ತು. ಅಪ್ಪ ಹಿಂದೆ ಬರುತ್ತಿದ್ದಾನೋ ಎಂದು ಕಿವಿಗೊಟ್ಟೆ. ಏನೂ ಕೇಳಲಿಲ್ಲ, ಬರಿಗಾಲಿಗೆ ಸಪ್ಪಳವಿರುವುದಿಲ್ಲ. ತಿರುಗಿದರೆ ಅವನ ಪಾದ ಕಣ್ಣಿಗೆ ಬೀಳುತ್ತದೆ ಎಂದು, ಊರು ದಾಟುವ ತನಕ ನಾನು ತಿರುಗಲಿಲ್ಲ.